ಎದುರು ಅಂಕಣದ ಗುರು

ಸಂಸ್ಮರಣ ಸಂಪುಟಕ್ಕೆ ಲೇಖನವೊಂದನ್ನು ಕೊಡಲೇಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, 30 ವರ್ಷ ಡ್ರಿಲ್ ಮೇಷ್ಟ್ರಾಗಿ ಈ ಶಾಲೆಯ ಮೈದಾನದಲ್ಲಿಯೇ ಬಿಸಿಲು ಕಾಯಿಸಿಕೊಂಡ ನನಗೆ ತೋಚಿದ ವಿಷಯ ಕಬಡ್ಡಿಯೊಂದೇ. ಅದರಲ್ಲಿಯೂ 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟಕ್ಕೆ ಒಂದು ದೇಶದ ಹೆಣ್ಣುಮಕ್ಕಳ ತಂಡವು ಸಿದ್ಧಗೊಂಡ ಬಗೆಯನ್ನು ಕುರಿತು ಬರೆಯಬೇಕೆಂಬ ಆಸೆ ಬಹುದಿನಗಳದು. ಆ ತಂಡ ನಮ್ಮದಲ್ಲ, ಇರಾನಿನದು. ಅದನ್ನು ಸಿದ್ಧಗೊಳಿಸಿದವರು ಮಾತ್ರ ನಮ್ಮವರು: ನಾಸಿಕದ ಶೈಲಜಾ ಜೈನ್.

ಉಸಿರು ಬಿಗಿಹಿಡಿದು ಎದುರಾಳಿಯ ಅಂಕಣಕ್ಕೆ ನುಗ್ಗಿ, ಮುಟ್ಟಿ, ಉಸಿರು ಕಡಿಯುವ ಮೊದಲೇ ಮರಳಬೇಕಾದ ಈ ಆಟವನ್ನು ತಮಿಳರು ಸಡುಗುಡು ಎಂದರು, ಮರಾಠಿಗರು ಹುತುತು ಎಂದರು, ವಂಗದವರು ಹಾಡುಡು ಎಂದರು. ಇರಾನಿನಲ್ಲಿಯೂ ಒಂದೇ ಉಸಿರಿನಲ್ಲಿ ‘ಝೂ’ ಎನ್ನುತ್ತ ಆಡುವ ಇಂತಹುದೇ ಆಟವೊಂದುಂಟು. ಆದರೂ ಕಬಡ್ಡಿಯೆಂದರೆ ನಮ್ಮ ಮನೆಯ ಸ್ವತ್ತೆಂಬ ಭಾವನೆ ನಮ್ಮಲ್ಲಿ ಬೇರೂರಿತ್ತು. ಅದಕ್ಕೆ ಕಾರಣವೂ ಇತ್ತೆನ್ನಿ. 1990ರ ಬೀಜಿಂಗ್ ಕೂಟದಲ್ಲಿ ಪದಕದ ಆಟವಾಗಿ ಸೇರ್ಪಡೆಯಾದಂದಿನಿಂದ 2014ರ ಇಂಚನ್ ಕೂಟದವರೆಗೆ 7 ಬಾರಿಯೂ ಪುರುಷರ ಚಿನ್ನ ಭಾರತದ ಪಾಲಾಗಿತ್ತು. 2010ರಲ್ಲಿ ಗ್ವಾಂಗ್‌ಝೌನಲ್ಲಿ ಮಹಿಳೆಯರ ಕಬಡ್ಡಿಯೂ ಸೇರಿತು. ಅಲ್ಲಿಯೂ, ಮುಂದೆ ಇಂಚನ್‌ನಲ್ಲಿಯೂ ಚಿನ್ನ ಗೆದ್ದ ತಂಡಗಳಲ್ಲಿ ನಮ್ಮ ನಾಡಿನ ತೇಜಸ್ವಿನಿ ಬಾಯಿ ಮತ್ತು ಮಮತಾ ಪೂಜಾರಿ ಅವರಿದ್ದರೆಂಬುದು ನಮಗೆಲ್ಲ ಹೆಮ್ಮೆಯ ಸಂಗತಿ.

ಆದರೆ ಎಚ್ಚರಿಕೆಯ ಗಂಟೆ ಆಗಲೇ ಬಾರಿಸತೊಡಗಿತ್ತು. ಇಂಚನ್‌ನ ಪುರುಷರ ಅಂತಿಮ ಪಂದ್ಯದಲ್ಲಿ ನಾವು ಇರಾನನ್ನು ಸೋಲಿಸಿದ್ದು 27–25ರಿಂದ; ಎರಡೇ ಅಂಕಗಳ ಅಂತರ. 2016ರಲ್ಲಿ ಅಹಮದಾಬಾದಿನಲ್ಲಿ ನಡೆದ ವಿಶ್ವಕಪ್ಪಿನಲ್ಲಿ ದಕ್ಷಿಣ ಕೊರಿಯಾ ನಮ್ಮನ್ನು 34–32ರಿಂದ ಮಣಿಸಿತು. ಕಡೆಯಲ್ಲಿ ಕಪ್ಪು ನಮಗೇ ದೊರೆತುದರಿಂದ ಆ ಸೋಲನ್ನು ಯಾರೂ ನೆನಪಿನಲ್ಲಿ ಇಟ್ಟುಕೊಳ್ಳಲಿಲ್ಲ. ಗೆದ್ದ ಮನೆಯಲ್ಲಿ ಲೆಕ್ಕದ ಪುಸ್ತಕ ತೆರೆಯುವವರು ಕಡಿಮೆ.

ಈ ನಡುವೆ ಇರಾನಿನವರು ಶೈಲಜಾ ಅವರನ್ನು ತಮ್ಮ ಮಹಿಳಾ ತಂಡದ ತರಬೇತಿಗೆ ಕರೆಸಿಕೊಂಡರು. ಮಹಾರಾಷ್ಟ್ರದಲ್ಲಿ ದಶಕಗಳ ಕಾಲ ಹೆಣ್ಣುಮಕ್ಕಳಿಗೆ ಈ ಆಟ ಕಲಿಸಿದ್ದ ಅವರಿಗೆ ಭಾರತ ತಂಡದ ಹೊಣೆ ದೊರೆತಿರಲಿಲ್ಲ. ಹೋದ ನಾಡಿನಲ್ಲಿ ಭಾಷೆ ಬಾರದು; ಶಾಕಾಹಾರಿಯಾದ ಅವರಿಗೆ ಊಟದ ತೊಡಕು ಬೇರೆ. ಅವರು ಮೊದಲು ಪಾರಸಿ ಮಾತು ಕಲಿತರು. ಇದನ್ನು ಓದಿದಾಗ ನನ್ನ ಮನಸ್ಸು ತುಂಬಿ ಬಂದಿತು. ಮೈದಾನದಲ್ಲಿ ‘ಕೂರು’, ‘ಏಳು’, ‘ಕಾಲು ಹಿಡಿ’ ಎಂಬ ಮಾತುಗಳನ್ನು ಯಾರಾದರೂ ಸೀಟಿಯಲ್ಲಿಯೇ ಹೇಳಬಹುದು. ಆದರೆ ದಾಳಿಗೆ ಹೋಗಿ ಸಿಕ್ಕಿಬಿದ್ದು ಕಣ್ಣೀರಿಡುತ್ತ ಹೊರಬಂದ ಹುಡುಗಿಯ ಭುಜದ ಮೇಲೆ ಕೈಯಿಟ್ಟು ಆಡಬೇಕಾದ ಮಾತು ಅವಳ ತಾಯ್ನುಡಿಯಲ್ಲಿಯೇ ಇರಬೇಕು.

ಅನಂತರ ಯೋಗ ಮತ್ತು ಪ್ರಾಣಾಯಾಮಗಳನ್ನು ನಿತ್ಯದ ಅಭ್ಯಾಸದಲ್ಲಿ ಸೇರಿಸಿದರು. ಇದರ ಔಚಿತ್ಯ ಆಟವಾಡಿದವರಿಗೆ ಬೇಗ ತಿಳಿಯುತ್ತದೆ. ದಾಳಿಗೆ ಇಂದಿನ ನಿಯಮದಂತೆ 30 ಸೆಕೆಂಡುಗಳ ಗಡುವು. ಅಷ್ಟು ಹೊತ್ತು ‘ಕಬಡ್ಡಿ ಕಬಡ್ಡಿ’ ಎನ್ನುವುದು ಆರೋಗ್ಯವಂತ ಹುಡುಗನಿಗೆ ದೊಡ್ಡದಲ್ಲ. ಹಾಗೆ ಹೇಳುತ್ತಲೇ ಓಡಿ, ಬಗ್ಗಿ, ಒದ್ದು, ಕಾಲಿಗೆ ಬಿದ್ದ ಹಿಡಿತವನ್ನು ಕೊಡವಿಕೊಂಡು ನಡುಗೆರೆ ಮುಟ್ಟುವುದೇ ಕಷ್ಟ. ನನ್ನ ಅನುಭವದಲ್ಲಿ ಹತ್ತರಲ್ಲಿ ಆರು ಮಕ್ಕಳು ಬಲ ಸಾಲದೆ ಸಿಕ್ಕಿಬೀಳುವುದಿಲ್ಲ. ಉಸಿರು ತೀರುತ್ತಿದೆಯೆಂಬ ಗಾಬರಿಯಿಂದ ಹೆಜ್ಜೆ ತಪ್ಪಿ ಸಿಕ್ಕಿಬೀಳುತ್ತಾರೆ.

ಜಕಾರ್ತದಲ್ಲಿ ನಡೆದುದು ಎಲ್ಲರಿಗೂ ತಿಳಿದದ್ದೇ. ಗುಂಪಿನ ಪಂದ್ಯದಲ್ಲಿ ನಮ್ಮ ಪುರುಷರು ಕೊರಿಯಾಕ್ಕೆ 23–24ರಿಂದಲೂ, ಉಪಾಂತ್ಯದಲ್ಲಿ ಇರಾನಿಗೆ 18–27ರಿಂದಲೂ ಸೋತರು. ಮಾರನೆಯ ದಿನ, ಆಗಸ್ಟ್ 24ರಂದು, ತಲೆವಸ್ತ್ರ ಧರಿಸಿ ಅಂಕಣಕ್ಕಿಳಿದ ಇರಾನಿನ ಹೆಣ್ಣುಮಕ್ಕಳು ನಮ್ಮ ಮಹಿಳೆಯರನ್ನು 27–24ರಿಂದ ಸೋಲಿಸಿ ಚಿನ್ನ ಪಡೆದರು. ಶೈಲಜಾ ಅವರು ಅಂಕಣದ ಆ ಬದಿಯಲ್ಲಿದ್ದರು.

ಮರುದಿನ ಅಧ್ಯಾಪಕರ ಕೊಠಡಿಯಲ್ಲಿ ಸಹೋದ್ಯೋಗಿ ಮಿತ್ರರೊಬ್ಬರು, “ಏನು ಮೇಷ್ಟ್ರೇ, ನಮ್ಮ ವಿದ್ಯೆಯನ್ನು ಪರರಿಗೆ ಕೊಟ್ಟು ನಮ್ಮನ್ನೇ ಸೋಲಿಸಿಬಿಟ್ಟರಲ್ಲ ಆ ತಾಯಿ! ಇದು ಸರಿಯೇ?” ಎಂದು ಕೇಳಿದರು. ಸಿಟ್ಟಿನಿಂದಲೇ ಕೇಳಿದರು. “ಸ್ವಾಮಿ, ತಾವು ಕಲಿಸುವ ಗಣಿತವನ್ನು ಹುಡುಗರು ಪಕ್ಕದ ಊರಿನಲ್ಲಿ ಬಳಸಕೂಡದೆಂದು ಎಂದಾದರೂ ಹೇಳಿದ್ದುಂಟೇ?” ಎಂದೆ. ಅವರು ನಕ್ಕರಾದರೂ ಒಪ್ಪಲಿಲ್ಲ. ಗಣಿತಕ್ಕೆ ಬಾವುಟವಿಲ್ಲ, ತಂಡಕ್ಕೆ ಇದೆ ಎಂಬುದು ಅವರ ವಾದ. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಬಾವುಟ ಇಳಿದಾಗ ನನ್ನ ಎದೆಯೂ ಭಾರವಾಗಿತ್ತು. ಆದರೂ ಬಂದವರಿಗೆ ಮನಸಾರೆ ಕಲಿಸಿದ ಗುರುವಿನಲ್ಲಿ ನನಗೆ ದೋಷ ಕಾಣಲಿಲ್ಲ. ಎದುರಾಳಿಯೂ ಕಲಿಯಬಲ್ಲನೆಂಬುದನ್ನು ಲೆಕ್ಕಕ್ಕೆ ಹಿಡಿಯದ ಸಿದ್ಧತೆಯಲ್ಲಿ ಕೊರತೆಯಿತ್ತು. 2014ರಿಂದ ನಮ್ಮದೇ ವೃತ್ತಿಪರ ಲೀಗಿನಲ್ಲಿ ಇರಾನಿನವರೂ ಕೊರಿಯಾದವರೂ ನಮ್ಮ ಹುಡುಗರ ಹೆಗಲಿಗೆ ಹೆಗಲು ಕೊಟ್ಟು ಆಡುತ್ತಿರಲಿಲ್ಲವೇ? ಜಕಾರ್ತಕ್ಕೆ ಕೆಲವೇ ತಿಂಗಳ ಮುಂಚೆ ಇರಾನಿನ ಫಜಲ್ ಅತ್ರಾಚಲಿಗೆ ಆ ಲೀಗಿನ ಹರಾಜಿನಲ್ಲಿ 1 ಕೋಟಿ ರೂಪಾಯಿ ಕೊಟ್ಟವರೂ ನಾವೇ.

ಈ ಮಾತನ್ನು ನಾನು ದೂರದಲ್ಲಿ ನಿಂತು ಆಡುತ್ತಿಲ್ಲ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಬೆಳೆದು, ಎಡಮೂಲೆಯಲ್ಲಿ ನಿಂತು ಸರಪಳಿ ಹಿಡಿತ ಹಾಕುವುದನ್ನು ನನ್ನಲ್ಲಿಯೇ ಕಲಿತ ಹುಡುಗನೊಬ್ಬ ನೆರೆಯ ತಾಲ್ಲೂಕಿನಲ್ಲಿ ಡ್ರಿಲ್ ಮೇಷ್ಟ್ರಾದ. ಜಿಲ್ಲಾ ಪಂದ್ಯದಲ್ಲಿ ಅವನ ತಂಡ ಅದೇ ಹಿಡಿತದಿಂದ ನಮ್ಮ ಮುಖ್ಯ ದಾಳಿಗಾರನನ್ನು ಮೂರು ಬಾರಿ ಕೆಡವಿತು. ಪಂದ್ಯ ಮುಗಿದ ಮೇಲೆ ಅವನು ಬಂದು ಕಾಲು ಮುಟ್ಟಿ, “ಬೇಸರವಾಯಿತೇ ಸಾರ್?” ಎಂದ. “ಮೂರನೆಯ ಸಲ ನಿನ್ನ ಹುಡುಗ ಅರ್ಧ ಹೆಜ್ಜೆ ತಡವಾಗಿ ಬಂದ, ಅದನ್ನು ತಿದ್ದು” ಎಂದೆ. ಆ ರಾತ್ರಿ ನಮ್ಮ ಹುಡುಗರೊಡನೆ ಕುಳಿತು ಆ ಹಿಡಿತವನ್ನು ಬಿಡಿಸಿಕೊಳ್ಳುವ ಉಪಾಯವನ್ನೂ ಹುಡುಕಿದೆವು.

ಭಾರತ ತಂಡಕ್ಕೂ ಅಂತಹ ಅವಕಾಶ ಒದಗಿತು. ಸಾಂಕ್ರಾಮಿಕದಿಂದಾಗಿ ಒಂದು ವರ್ಷ ಮುಂದಕ್ಕೆ ಹೋದ ಹಾಂಗ್‌ಝೌ ಕೂಟ 2023ರಲ್ಲಿ ನಡೆದಾಗ, ನಮ್ಮ ಮಹಿಳೆಯರಿಗೆ ಎದುರಾದದ್ದು ಮತ್ತೊಂದು ಹೊಸ ಶಕ್ತಿ, ಚೈನೀಸ್ ತೈಪೆ. ಮೊದಲ ಪಂದ್ಯ 34–34ರಲ್ಲಿ ಸಮವಾಯಿತು. ಅಂತಿಮ ಪಂದ್ಯದಲ್ಲಿ ಮತ್ತೆ ಅವರೇ. ರೀತು ನೇಗಿಯ ನಾಯಕತ್ವದ ನಮ್ಮ ತಂಡ 26–25ರಿಂದ ಗೆದ್ದಿತು. ಆ ಕೂಟದಲ್ಲಿ ಅದು ಭಾರತದ 100ನೆಯ ಪದಕ. ಅದೇ ದಿನ ಪುರುಷರೂ ಇರಾನನ್ನು 33–29ರಿಂದ ಸೋಲಿಸಿದರು. ಮಹಿಳೆಯರ ಪಂದ್ಯವನ್ನು ವಿದ್ಯಾರ್ಥಿನಿಲಯದ ಮಕ್ಕಳೊಡನೆ ಕುಳಿತು ನೋಡಿದೆ. ಕಡೆಯ ದಾಳಿ ಮುಗಿಯುವವರೆಗೆ ಆ ಕೊಠಡಿಯಲ್ಲಿಯೂ ಯಾರೂ ಉಸಿರು ಬಿಡಲಿಲ್ಲ.