ಉಂಡ ಮೇಲೆ ನಾಲ್ಕು ಹೆಜ್ಜೆ

ನಮ್ಮ ರಾಮನಗರದ ಕಡೆ ಅರವತ್ತು ದಾಟಿದವರು ಇಬ್ಬರು ಸೇರಿದರೆ ಮೊದಲು ಮಳೆ, ಆಮೇಲೆ ರೇಷ್ಮೆ ಗೂಡಿನ ರೇಟು ಮಾತಿಗೆ ಬರುತ್ತಿತ್ತು. ಈಗ ಎರಡಕ್ಕೂ ಮುಂಚೆ ಶುಗರ್ ಬಂದು ಕೂರುತ್ತದೆ. ‘ನಂದಿನ್ನೂ ಬಾರ್ಡರ್‌ನಾಗೈತೆ ಕಣಣ್ಣ’ ಅನ್ನುವವರ ಮುಖದಲ್ಲಿ ಎಸ್ಸೆಸ್ಸೆಲ್ಸಿಯನ್ನು ಗ್ರೇಸ್ ಮಾರ್ಕಿನಲ್ಲಿ ದಾಟಿದವರ ಕಳೆ. ಬರಿಹೊಟ್ಟೆಯಲ್ಲಿ 100ರಿಂದ 125, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಬಾರ್ಡರ್. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಲೆಕ್ಕದಲ್ಲಿ ದೇಶದಲ್ಲಿ ಇಂಥವರು ಸುಮಾರು 13 ಕೋಟಿ 60 ಲಕ್ಷ. ಕಾಯಿಲೆ ಬಂದವರಿಗಿಂತ ಗ್ರೇಸ್ ಮಾರ್ಕಿನವರೇ ಜಾಸ್ತಿ.

‘ಮುದ್ದೆ ಉಣ್ಣೋರಿಗೆ ಎಲ್ಲಿಯ ಶುಗರು?’ ಅಂತ ವಾದ ಹೂಡುವವರು ಕನಕಪುರ, ಮಾಗಡಿಯ ಪ್ರತಿ ಹಟ್ಟಿಯಲ್ಲೂ ಸಿಗುತ್ತಾರೆ. ರಾಗಿ ಒಳ್ಳೆಯದೇ, ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಎರಡು ಮುದ್ದೆಯೂ ಪಿಷ್ಟವೇ. ಹಿಂದಿನವರು ಅದನ್ನು ಉಂಡು ಅರಗಿಸಿಕೊಂಡದ್ದರಲ್ಲಿ ರಾಗಿಗಿಂತ ಗೇಮೆಯ ಪಾಲು ದೊಡ್ಡದು ಅಂತ ನನ್ನ ಅನುಮಾನ.

ಆ ಗೇಮೆ ಎಂಥದು ಅಂತ ರೇಷ್ಮೆ ಹುಳು ಮನೆ ನೋಡಿದವರಿಗೆ ಗೊತ್ತು. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಹುಳುವಿನ ಹೊಟ್ಟೆಬಾಕತನಕ್ಕೆ ಲಂಗುಲಗಾಮಿಲ್ಲ. ಒಂದು ವಾರ ಮನೆಮಂದಿಗೆ ನಿದ್ದೆಯಿಲ್ಲ. ಸೊಪ್ಪು ಕುಯ್ಯಬೇಕು, ಹೊರೆ ಹೊರಬೇಕು, ಕೆಳಗಿನ ತಟ್ಟೆಗೆ ಕುಕ್ಕರುಗಾಲಲ್ಲಿ ಕೂತು, ಮೇಲಿನ ತಟ್ಟೆಗೆ ತುದಿಗಾಲಲ್ಲಿ ನಿಂತು ಸೊಪ್ಪು ಹಾಕಬೇಕು. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೊತ್ತಿಗೆ ಅಜ್ಜಿ ನೂರಾರು ಸಲ ಕೂತು ಎದ್ದಿರುತ್ತಿದ್ದಳು. ಅದಕ್ಕೆ ಈಗಿನ ಜಿಮ್ಮಿನವರು ಸ್ಕ್ವಾಟ್ ಅಂತ ಹೆಸರಿಟ್ಟು ಫೀಸು ತಗೊಳ್ಳುತ್ತಾರೆ. ಈಗ ರೆಂಬೆ ರೆಂಬೆಯನ್ನೇ ಹಾಸಿಬಿಡುವ ಪದ್ಧತಿ ಬಂದಿದೆ. ಚನ್ನಪಟ್ಟಣದಲ್ಲಿ ಹಾಲೆ ಮರದ ಬೊಂಬೆ ಕಡೆಯುವ ಚರಕಿಗೂ ಮೋಟಾರು ಬಂತು. ಸೊಂಟ ಉಳಿಯಿತು, ಒಳ್ಳೆಯದೇ ಆಯಿತು. ಕೂತು ಏಳುವುದು ಮಾತ್ರ ತಪ್ಪಿತು, ಮುದ್ದೆಯ ಗಾತ್ರ ಹಾಗೇ ಉಳಿಯಿತು.

ಉಂಡ ಸಕ್ಕರೆಯನ್ನು ಹೆಚ್ಚಾಗಿ ಒಳಗೆ ಎಳೆದುಕೊಳ್ಳುವುದು ಮಾಂಸಖಂಡ. ಕೂತಿದ್ದಾಗ ಅದು ಇನ್ಸುಲಿನ್ ಬಂದು ಬಾಗಿಲು ತೆಗೆಯಲಿ ಅಂತ ಕಾಯುತ್ತದೆ. ದುಡಿಯುವಾಗ ಅಷ್ಟು ಕಾಯುವುದಿಲ್ಲ, ತಾನೇ ಎಳೆದುಕೊಳ್ಳುತ್ತದೆ. ವಯಸ್ಸಾದಂತೆ ಮಾಂಸಖಂಡ ಸವೆಯುತ್ತದೆ. ಆದ್ದರಿಂದ ಮುದುಕರಿಗೆ ನಡಿಗೆಯೊಂದೇ ಸಾಲದು. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಏಳುವುದೂ ಬೇಕು. ಮಂಡಿ ನೋವಿದ್ದವರು ಡಾಕ್ಟರನ್ನು ಕೇಳಿ ಶುರುಮಾಡಲಿ.

2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಹೊರಬಂತು. ಬಾರ್ಡರ್‌ನವರಿಗೆ ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ಕೊಂಚ ತೂಕ ಇಳಿಕೆ. ಇಷ್ಟರಿಂದ ಸಕ್ಕರೆ ಕಾಯಿಲೆ ಬರುವ ಸಂಭವ ಒಟ್ಟಾರೆ ಶೇ 58 ತಗ್ಗಿದರೆ, ಅರವತ್ತು ದಾಟಿದವರಲ್ಲಿ ಶೇ 71 ತಗ್ಗಿತು. ಹುಡುಗರನ್ನು ಮುದುಕರು ಸೋಲಿಸಿದ ಅಪರೂಪದ ಪಂದ್ಯ ಇದು. ನಮ್ಮವರ ಮೇಲೆ ಚೆನ್ನೈನಲ್ಲಿ ನಡೆದ ಇಂಥದೇ ಅಧ್ಯಯನದಲ್ಲಿ (2006) ಸಿಕ್ಕಿದ್ದು ಶೇ 28.5 ಅಷ್ಟೇ. ನಮ್ಮ ಮೈಯ ಗುಣ ಬೇರೆ, ಏನು ಮಾಡೋದು! ಹಾಗಂತ ಅದೇನೂ ಕಮ್ಮಿಯಲ್ಲ, ಮೆಟ್‌ಫಾರ್ಮಿನ್ ಮಾತ್ರೆಯೂ ಹೆಚ್ಚುಕಮ್ಮಿ ಅಷ್ಟೇ ಮಾಡಿತ್ತು.

ನಡೆಯುವುದು ಯಾವಾಗ? ನಮ್ಮವರದು ಕೋಳಿ ಕೂಗೋ ಹೊತ್ತಿನ ವಾಕಿಂಗ್. ಅದು ಮುಗಿದ ಮೇಲೆ ಬೈಕೇರಿ ಬಿಡದಿಗೆ ಹೋಗಿ, ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ಎರಡು. ಬಿಡದಿಯವರ ವ್ಯಾಪಾರ ಕೆಡಿಸುವ ಪಾಪ ನನಗೆ ಬೇಡ. ಆದರೆ 2013ರಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಅರವತ್ತು ದಾಟಿದ ಹತ್ತು ಜನರ ಮೇಲೆ ಪ್ರಯೋಗ ಮಾಡಿ, ಮೂರೂ ಹೊತ್ತು ಉಂಡ ಮೇಲೆ 15 ನಿಮಿಷ ನಡೆದರೆ ರಾತ್ರಿ ಊಟದ ನಂತರದ ಸಕ್ಕರೆ, ಒಂದೇ ಬಾರಿ 45 ನಿಮಿಷ ನಡೆದದ್ದಕ್ಕಿಂತ ಚೆನ್ನಾಗಿ ಇಳಿಯುತ್ತದೆ ಅಂದರು. ಹತ್ತೇ ಜನ, ಸಣ್ಣ ಪ್ರಯೋಗ, ನಿಜ. ಆದರೆ ಉಂಡ ಮೇಲೆ ನೂರು ಹೆಜ್ಜೆ ಹಾಕಿ ಅಂತ ಸರ್ವಜ್ಞ ಹೇಳುವಾಗ ಹತ್ತು ಜನವನ್ನೂ ಅಳೆದಿರಲಿಲ್ಲ.

ರಾತ್ರಿ ಊಟ ಆದಮೇಲೆ ನಮ್ಮ ಬೀದಿಯ ಗಂಡಸರು ಟಿವಿ ಮುಂದೆ ಚಕ್ಕಂಬಕ್ಕಳ ಹಾಕುತ್ತಾರೆ. ಪಕ್ಕದ ಮನೆ ಅಕ್ಕನಿಗೆ ಸೀರಿಯಲ್ಲೂ ಬೇಕು, ಶುಗರೂ ಇಳಿಯಬೇಕು. ಟಿವಿ ಸೌಂಡು ಜೋರು ಮಾಡಿ, ಹಜಾರದಿಂದ ಹಿತ್ತಲಿಗೆ, ಹಿತ್ತಲಿಂದ ಹಜಾರಕ್ಕೆ ತಿರುಗುತ್ತಾರೆ. ‘ನೀವೂ ಎದ್ದು ಬರ್ರೀ’ ಅಂದರೆ ಯಜಮಾನರು, ‘ಬೀದೀಲಿ ನಾಯಿ ಕಾಟ ಕಣೇ’ ಅನ್ನುತ್ತಾರೆ. ಹಿತ್ತಲಲ್ಲಿ ಯಾವ ನಾಯಿಯೂ ಇಲ್ಲ.