ಗದ್ದೆಯ ಕೆಸರು, ಎದೆಯ ಉಸಿರು

ಬ್ರಹ್ಮಾವರಕ್ಕೆ ಬಂದಾಗ ಆಷಾಢದ ಮಳೆ ಧೋ ಎಂದು ಸುರಿಯುತ್ತಿತ್ತು. ಬೈಲಿನ ತುಂಬ ನಟ್ಟಿ ಕೆಲಸ. ಎಲ್ಲರೂ ಹಸಿರು ನೋಡುವ ಹೊತ್ತಲ್ಲಿ ನನ್ನ ಕಣ್ಣು ಸಸಿಯ ಬುಡದ ಕೆಸರಿನ ಮೇಲಿತ್ತು.

ನಮ್ಮ ಕರಾವಳಿಯ ಮಣ್ಣಲ್ಲಿ ಬರ್ಖೋಲ್ಡೇರಿಯಾ ಸೂಡೋಮ್ಯಾಲಿ ಎಂಬ ಬ್ಯಾಕ್ಟೀರಿಯಾ ಬದುಕಿದೆ. ಅದು ತರುವ ಕಾಯಿಲೆ ಮೆಲಿಯಾಯ್ಡೋಸಿಸ್. ಕಾಲಿನ ಗಾಯದಿಂದಲೂ ಒಳಹೊಕ್ಕೀತು, ಉಸಿರಿನಿಂದಲೂ. ಹೆಚ್ಚಾಗಿ ಕಾಣಿಸಿಕೊಳ್ಳುವುದು ನ್ಯುಮೋನಿಯಾ ಆಗಿ. ಕ್ಷಯವೆಂದು ತಪ್ಪು ತಿಳಿಯುವುದೂ ಉಂಟು. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯರು ಇದನ್ನು ವರ್ಷಗಳಿಂದ ಬೆನ್ನುಹತ್ತಿದ್ದಾರೆ. ಅವರು ಕಂಡ ರೋಗಿಗಳಲ್ಲಿ ಹೆಚ್ಚಿನವರು ಬರುವುದು ಮಳೆಗಾಲದಲ್ಲಿ, ಅದೂ ಸಕ್ಕರೆ ಕಾಯಿಲೆ ಇದ್ದವರು.

ಕುಂದಾಪುರದ ಸೇತುವೆ ದಾಟಿದೆ. ಗಂಗೊಳ್ಳಿಯ ಅಳಿವೆಗೆ ಹೊಳೆಗಳೆಲ್ಲ ಕೆಂಪು ನೀರು ಹೊತ್ತು ನುಗ್ಗುತ್ತಿದ್ದವು. ನೋಡುತ್ತಾ ಮೈ ಜುಮ್ಮೆಂದಿತು: ಘಟ್ಟದಿಂದ ಎಷ್ಟು ಮಣ್ಣು, ಅದರಲ್ಲಿ ಎಷ್ಟು ಕಾಣದ ಜೀವ!

ಮೆಲಿಯಾಯ್ಡೋಸಿಸ್ ತರುವ ರೋಗಾಣುವನ್ನು ಮೊದಲು ಗುರುತಿಸಿದ್ದು ರಂಗೂನಿನಲ್ಲಿ, 1911ರಲ್ಲಿ. ಆಲ್ಫ್ರೆಡ್ ವಿಟ್‌ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ ಶವಪರೀಕ್ಷೆಯಲ್ಲಿ ಕೀವುಗಟ್ಟಿದ ಶ್ವಾಸಕೋಶಗಳನ್ನು ಕಂಡು, ಅವುಗಳಲ್ಲಿದ್ದ ರೋಗಾಣುವನ್ನು ಗಿನಿಹಂದಿಗಳಿಗೆ ಚುಚ್ಚಿ ಪರೀಕ್ಷಿಸಿದರು. 1913ರಲ್ಲಿ ಕೌಲಾಲಂಪುರದ ಸಂಶೋಧನಾಲಯದ ಪ್ರಾಣಿಗೂಡುಗಳಲ್ಲೇ ಈ ರೋಗ ಎದ್ದಿತು.

ನನ್ನನ್ನು ಬೆರಗಾಗಿಸುವುದು ಆಮೇಲಿನ ಪ್ರಯೋಗಗಳಲ್ಲಿ ಬಳಸಿದ ಇಲಿಗಳ ಕತೆ. ಒಂದೇ ರೋಗಾಣು ಕೊಟ್ಟರೂ ಬಾಲ್ಬ್-ಸಿ ತಳಿಯ ಬಿಳಿ ಇಲಿ ಕೆಲವೇ ದಿನದಲ್ಲಿ ಸಾಯುತ್ತದೆ. ಸಿ57 ಬ್ಲ್ಯಾಕ್-6 ಎಂಬ ಕಪ್ಪು ಇಲಿ ವಾರಗಟ್ಟಲೆ ತಡೆದು ನಿಲ್ಲುತ್ತದೆ. ಇಂಟರ್‌ಫೆರಾನ್-ಗಾಮಾ ಎಂಬ ಉರಿಯೂತದ ಸಂಕೇತವನ್ನು ತಡೆದಾಗ ಬೆರಳೆಣಿಕೆಯ ರೋಗಾಣುಗಳೇ ಇಲಿಯನ್ನು ಕೊಂದವು. ಅಂದರೆ ಉರಿಯೂತ ಬೇಕು. ಆದರೆ ಬಿಳಿ ಇಲಿಯಲ್ಲಿ ಅದೇ ಉರಿಯೂತ ಹದ್ದು ಮೀರುತ್ತದೆ, ಒಲೆಯ ಬೆಂಕಿ ಮಾಡಿಗೆ ಹತ್ತಿದ ಹಾಗೆ. ಸಕ್ಕರೆ ಕಾಯಿಲೆಯ ಇಲಿಗಳು ಇನ್ನೂ ಬೇಗ ಸೋತವು. ಆ ಮೂಕಪ್ರಾಣಿಗಳು ತೆತ್ತದ್ದು ದೊಡ್ಡ ಬೆಲೆ. ಅದನ್ನು ಮರೆತು ಈ ವಿಷಯ ಬರೆಯಲಾರೆ.

ಮರವಂತೆಯಲ್ಲಿ ಒಂದು ಮಗ್ಗುಲಿಗೆ ಕಡಲು, ಇನ್ನೊಂದಕ್ಕೆ ಸೌಪರ್ಣಿಕೆ. ಗಾಳಿ ಕಾರನ್ನೇ ಅಲುಗಿಸಿತು. ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಬಿರುಮಳೆ-ಗಾಳಿಯ ಬೆನ್ನಿಗೆ ಇದೇ ರೋಗದ ನ್ಯುಮೋನಿಯಾ ಹೆಚ್ಚಿದ್ದನ್ನು ವೈದ್ಯರು ದಾಖಲಿಸಿದ್ದಾರೆ. ನಮ್ಮ ಮಳೆ ಅದಕ್ಕೇನು ಕಡಿಮೆ?

ಬೈಂದೂರಿನ ಈಚೆ ಗದ್ದೆಯಂಚಿನಲ್ಲಿ ನಿಂತಿದ್ದ ಅಕ್ಕನೊಬ್ಬರ ಹಿಮ್ಮಡಿ ಬಿರಿದಿತ್ತು. ಕೆಸರಿನ ಈ ರೋಗದ ಬಗ್ಗೆ ಅವರಿಗೆ ಹೇಳಿದೆ.

"ನಂಗೆ ಶುಗರ್ ಇತ್ತ್ ಮಾರ್ರೆ. ಹಂಗಂದೇಳಿ ಗದ್ದಿಗ್ ಇಳಿದೇ ಇಪ್ಪುಕಾತ್ತಾ?"

ಇಳಿಯಬೇಡಿ ಎನ್ನಲು ನಾನ್ಯಾರು? ಗಾಯ ಮುಚ್ಚಿಕೊಳ್ಳಿ, ಗಂಬೂಟು ಹಾಕಿ, ಶುಗರ್ ಹತೋಟಿಯಲ್ಲಿಡಿ, ಜ್ವರ-ಕೆಮ್ಮು ಬಿಡದಿದ್ದರೆ ಗದ್ದೆಯ ಕೆಲಸ ಮಾಡುತ್ತೀರೆಂದು ಡಾಕ್ಟರಿಗೆ ಮರೆಯದೆ ಹೇಳಿ ಎಂದೆ. ಇದಕ್ಕೆ ಲಸಿಕೆ ಇಲ್ಲ. ಸರಿಯಾದ ಔಷಧಿ ಇದೆ, ಮೊದಲು ಇಂಜೆಕ್ಷನ್, ಆಮೇಲೆ ತಿಂಗಳುಗಟ್ಟಲೆ ಮಾತ್ರೆ.

ಅಕ್ಕ ಗೊರಬು ಸರಿಮಾಡಿಕೊಂಡು ಕೇಳಿದರು: "ಆ ಬೂಟ್ ಬೈಂದೂರಗೆ ಸಿಕ್ಕತ್ತಾ?"