ಕಣ್ಣಿಗೆ ಕಾಣದ ದಣಿವು

ದಣಿವಿಗೆ ನಮ್ಮ ನಾಡಿನಲ್ಲಿ ಒಂದು ಮರ್ಯಾದೆ ಉಂಟು. ಹೊಲದಿಂದ ಬಂದವನಿಗೆ ಕಾಲಿಗೆ ನೀರು ಕೊಟ್ಟು, ಮಜ್ಜಿಗೆಯನ್ನೋ ಪಾನಕವನ್ನೋ ಮುಂದಿಟ್ಟು, "ಸ್ವಲ್ಪ ಸುಧಾರಿಸಿಕೊಳ್ಳಿ" ಎನ್ನದ ಮನೆಯಿಲ್ಲ. ಮದುವೆಯ ಮನೆಯಲ್ಲಿ ಮೂರು ದಿನ ಒಲೆಯ ಮುಂದೆ ನಿಂತವರು ನಾಲ್ಕನೆಯ ದಿನ ಹಗಲಿನಲ್ಲಿ ಮಲಗಿದರೆ ಯಾರೂ ಆಕ್ಷೇಪಿಸುವುದಿಲ್ಲ. ಏಕೆಂದರೆ ಆ ದಣಿವಿನ ಹಿಂದೆ ಒಂದು ದುಡಿಮೆ ಇದೆ. ಆ ದುಡಿಮೆಯನ್ನು ನಾಲ್ಕು ಜನ ಕಂಡಿದ್ದಾರೆ. ಆದರೆ ದುಡಿಮೆಯಿಲ್ಲದೆ ಬರುವ ದಣಿವೊಂದು ಉಂಟು. ರಾತ್ರಿಯೆಲ್ಲ ಮಲಗಿ ಎದ್ದ ಇಪ್ಪತ್ತರ ಹರೆಯದವರು ಬೆಳಗಿನ ಎಂಟು ಗಂಟೆಗೇ "ದಣಿವಾಗಿದೆ" ಎಂದರೆ, ಕೇಳಿದವರು ಮೊದಲು ಅವರ ಮುಖವನ್ನು ನೋಡುವರು, ಆಮೇಲೆ ಗಡಿಯಾರವನ್ನು ನೋಡುವರು. ಮುಖದಲ್ಲಿ ರೋಗದ ಗುರುತಿಲ್ಲ. ಗಡಿಯಾರದಲ್ಲಿ ಹೊತ್ತು ಏರಿದೆ. ಸೋಮಾರಿತನವೆಂದು ತೀರ್ಪಾಗಲು ಇನ್ನೇನು ಬೇಕು? ಈ ತೀರ್ಪು ಎಷ್ಟು ಅನ್ಯಾಯದ್ದೆಂಬುದನ್ನು ನಮ್ಮ ಮನೆಯಲ್ಲಿಯೇ ಹತ್ತಿರದಿಂದ ಕಂಡಿದ್ದೇವೆ. ಆದುದರಿಂದ ಅದನ್ನು ಕುರಿತು ವಾಚಕರೊಡನೆ ನಾಲ್ಕು ಮಾತನಾಡಬೇಕೆಂದಿದ್ದೇವೆ.

ನಮ್ಮ ತಮ್ಮನ ಮಗಳಿಗೆ ಈಗ 24 ವರ್ಷ. ಕಾಲೇಜಿಗೆಂದು ಮೈಸೂರಿಗೆ ಬಂದವಳು ನಮ್ಮ ಮನೆಯಲ್ಲಿಯೇ ನಿಂತು, ಓದು ಮುಗಿಸಿ, ಈಗ ಇಲ್ಲಿಯ ಕಚೇರಿಯೊಂದರಲ್ಲಿ ಲೆಕ್ಕಪತ್ರಗಳ ಕೆಲಸದಲ್ಲಿದ್ದಾಳೆ. 6ನೆಯ ವಯಸ್ಸಿನಲ್ಲಿ ಒಂದು ಬೆಳಗ್ಗೆ ಆಕೆ ಮಂಚದಿಂದ ಕಾಲು ಕೆಳಗಿಡಲಾರದೆ ಹೋದಳು. ಮೊಳಕಾಲು ಊದಿತ್ತು. ಆಡುವಾಗ ಬಿದ್ದಿರಬೇಕೆಂದು ಮನೆಯವರು ಎಣ್ಣೆ ನೀವಿದರು. ವಾರ ಕಳೆಯಿತು, ತಿಂಗಳು ಕಳೆಯಿತು. ಊತ ಇಳಿಯುವುದಿರಲಿ, ಇನ್ನೊಂದು ಮೊಳಕಾಲಿಗೂ ಮಣಿಕಟ್ಟುಗಳಿಗೂ ಹರಡಿತು. ಕೊನೆಗೆ ತಜ್ಞವೈದ್ಯರು ಮಕ್ಕಳ ಸಂಧಿವಾತವೆಂದು ಅದರ ಹೆಸರು ಹೇಳಿದರು. ಕೇಳಿದವರೆಲ್ಲ, "ವಾತವೆಂದರೆ ಮುದುಕರ ರೋಗವಲ್ಲವೆ?" ಎಂದು ಬೆರಗಾದರು.

ಮುದುಕರ ರೋಗವೆಂಬ ಈ ನಂಬಿಕೆ ಬಹಳ ಹಿಂದೆಯೇ ಬಿದ್ದುಹೋಗಬೇಕಾಗಿತ್ತು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟಿನ ಮಕ್ಕಳ ಆಸ್ಪತ್ರೆಯಲ್ಲಿದ್ದ ಜಾರ್ಜ್ ಫ್ರೆಡರಿಕ್ ಸ್ಟಿಲ್ ಎಂಬ ವೈದ್ಯರು 22 ಮಕ್ಕಳ ವೃತ್ತಾಂತವನ್ನು ಬರೆದು, ಮಕ್ಕಳಲ್ಲಿ ಕಾಣುವ ಈ ಕೀಲುಬೇನೆಯು ದೊಡ್ಡವರದಕ್ಕಿಂತ ಭಿನ್ನವಾಗಿರುವುದೆಂದು 1897ರಲ್ಲಿಯೇ ತೋರಿಸಿಕೊಟ್ಟರು. 16 ವರ್ಷ ತುಂಬುವ ಮೊದಲೇ ತೊಡಗಿ, 6 ವಾರಗಳಿಗೆ ಕಡಿಮೆಯಿಲ್ಲದೆ ನಿಂತು, ಬೇರೆ ಕಾರಣ ತಿಳಿಯದ ಕೀಲೂತವನ್ನು ವೈದ್ಯರು ಇಂದು 'ಜುವೆನೈಲ್ ಇಡಿಯೋಪಥಿಕ್ ಆರ್ಥ್ರೈಟಿಸ್' ಎಂದು ಕರೆಯುವರು. ಅದರಲ್ಲಿ 7 ಬಗೆಗಳನ್ನು ಎಣಿಸಿರುವರು. ಶರೀರದ ರಕ್ಷಣೆಗೆಂದು ಇರುವ ಶಕ್ತಿಯೇ ಕೀಲುಗಳ ಒಳಪದರದ ಮೇಲೆ ತಿರುಗಿ ಬೀಳುವುದು; ಮನೆಯ ಕಾವಲುಗಾರನೇ ಮನೆಯವರ ಮೇಲೆ ಕೈಮಾಡಿದಂತೆ. ಕೆಲವರಿಗೆ ಕಣ್ಣಿನ ಒಳಗೂ ಸದ್ದಿಲ್ಲದೆ ಉರಿಯೂತ ಬರುವುದರಿಂದ ಆಗಾಗ ಕಣ್ಣಿನ ಪರೀಕ್ಷೆಯೂ ಅವಶ್ಯವಾಗುವುದು. ಕೆಲವು ಮಕ್ಕಳಲ್ಲಿ ಬೇನೆಯು ಬಾಲ್ಯದಲ್ಲಿಯೇ ಅಡಗುವುದು. ಅನೇಕರಿಗೆ ಪ್ರಾಯಕ್ಕೆ ಬಂದ ಮೇಲೂ ಜೊತೆಬಿಡದೆ ನಡೆಯುವುದು.

ಹಿಂದಿನ ಕಾಲದಲ್ಲಿ ಇಂಥ ಮಕ್ಕಳ ಕೈಬೆರಳುಗಳು ಸೊಟ್ಟಗಾಗುತ್ತಿದ್ದುವು, ಮೊಳಕಾಲುಗಳು ಮಡಿಚಿಕೊಂಡೇ ನಿಲ್ಲುತ್ತಿದ್ದುವು. ಈಗ ಕಾಲ ಬದಲಾಗಿದೆ. ಮೆಥೊಟ್ರೆಕ್ಸೇಟ್ ಎಂಬ ಔಷಧವನ್ನು ವಾರಕ್ಕೊಮ್ಮೆ ಸ್ವಲ್ಪ ಪ್ರಮಾಣದಲ್ಲಿ ಕೊಟ್ಟರೆ ಗುಣವುಂಟೆಂದು ಅಮೆರಿಕ ಮತ್ತು ಸೋವಿಯತ್ ಒಕ್ಕೂಟದ ವೈದ್ಯರು ಕೂಡಿ ನಡೆಸಿದ ಪರೀಕ್ಷೆಯಿಂದ 1992ರಲ್ಲಿ ತಿಳಿದುಬಂತು. 1999ರಲ್ಲಿ ಎಟನರ್ಸೆಪ್ಟ್ ಎಂಬ ಚುಚ್ಚುಮದ್ದಿಗೆ ಮಕ್ಕಳ ಸಂಧಿವಾತಕ್ಕಾಗಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆಮೇಲೆ ಅದೇ ಜಾತಿಯ ಬೇರೆ ಮದ್ದುಗಳೂ ಬಂದುವು. ಇವುಗಳ ಪ್ರಸಾದದಿಂದ ನಮ್ಮ ಹುಡುಗಿಯ ಕೀಲುಗಳು ಉಳಿದುವು. ಆಕೆ ನೆಟ್ಟಗೆ ನಡೆಯುವಳು, ಅಂದವಾಗಿ ಬರೆಯುವಳು, ಸ್ಕೂಟರನ್ನೂ ಓಡಿಸುವಳು. ಈ ಭಾಗ್ಯವನ್ನು ಎಷ್ಟು ಕೊಂಡಾಡಿದರೂ ಸಾಲದು. ಆದರೆ ಇದರಿಂದಲೇ ಒಂದು ವಿಚಿತ್ರ ಸಂಕಟವೂ ಹುಟ್ಟಿತು. ಸೊಟ್ಟಗಾದ ಬೆರಳು ತಾನೇ ಸಾಕ್ಷಿ ಹೇಳುತ್ತಿತ್ತು. ಅದನ್ನು ಕಂಡವರು ಕನಿಕರಪಡುತ್ತಿದ್ದರು. ಈಗ ಆ ಸಾಕ್ಷಿ ಇಲ್ಲ. ರೋಗದ ಗುರುತು ಅಳಿಯಿತು, ದಣಿವು ಮಾತ್ರ ಉಳಿಯಿತು, ಅದನ್ನು ನಂಬುವವರಿಲ್ಲ.

ಆ ದಣಿವು ಎಂಥದೆಂದು ನಾವು ಒಮ್ಮೆ ಕೇಳಿದೆವು. ಅವಳು ಹೇಳಿದಳು: "ದೊಡ್ಡಪ್ಪ, ನೋವಾದರೆ ಇಲ್ಲಿ ಎಂದು ಬೆರಳಿಟ್ಟು ತೋರಿಸಬಹುದು. ಇದನ್ನು ಎಲ್ಲಿ ಎಂದು ತೋರಿಸಲಿ? ಮಳೆಯಲ್ಲಿ ನೆನೆದ ಕಂಬಳಿಯನ್ನು ಹೊದ್ದುಕೊಂಡು ನಡೆದ ಹಾಗಿರುತ್ತದೆ. ಕೆಲವು ದಿನ ಕಂಬಳಿಯೇ ಇರುವುದಿಲ್ಲ. ಯಾವ ದಿನ ಇರುತ್ತದೆ ಎಂದು ಹಿಂದಿನ ರಾತ್ರಿ ಗೊತ್ತಾಗುವುದಿಲ್ಲ." ನಮ್ಮ ಸಾಮಾನ್ಯ ದಣಿವಿಗೂ ಇದಕ್ಕೂ ಇರುವ ಅಂತರವೆಲ್ಲ ಈ ಮಾತಿನಲ್ಲಿದೆ. ನಮ್ಮ ದಣಿವು ಒಂದು ನಿದ್ರೆಗೆ ಹರಿಯುವುದು. ಅವಳದು ನಿದ್ರೆಯಿಂದಲೂ ಹರಿಯದು. ನಮಗೆ ದಣಿದರೆ ಮೈ ಮಾತ್ರ ಸೋಲುವುದು. ಅವಳಿಗೆ ಮನಸ್ಸೂ ಮಂಕಾಗಿ, ಕಚೇರಿಯಲ್ಲಿ ಅಂಕೆಗಳ ಒಂದೇ ಸಾಲನ್ನು ಮೂರು ಸಲ ಕೂಡಿಸಬೇಕಾಗುವುದು.

ಇದಕ್ಕೆ ಕಾರಣಗಳುಂಟು. ಉರಿಯೂತ ನಡೆದಿರುವಾಗ ರಕ್ತದಲ್ಲಿ ಸೈಟೊಕೈನ್‌ಗಳೆಂಬ ದೂತವಸ್ತುಗಳು ಹರಿದಾಡುವುವು. ಜ್ವರ ಬಂದಾಗ ನಮ್ಮನ್ನು ಹಾಸಿಗೆಗೆ ಕೆಡಹುವವುಗಳೂ ಇವೇ. ಮಿದುಳಿಗೆ "ವಿಶ್ರಮಿಸು" ಎಂದು ಸಂದೇಶ ಕೊಡುವುವು. ಜ್ವರವು ನಾಲ್ಕು ದಿನದ್ದು, ಸಂಧಿವಾತವು ವರ್ಷಗಳದ್ದು. ಇವುಗಳಲ್ಲಿ ಇಂಟರ್‌ಲ್ಯೂಕಿನ್-6 ಎಂಬುದರ ಪ್ರೇರಣೆಯಿಂದ ಪಿತ್ತಜನಕಾಂಗವು ಹೆಪ್ಸಿಡಿನ್ ಎಂಬ ವಸ್ತುವನ್ನು ಹೆಚ್ಚಾಗಿ ಸುರಿಸುವುದು. ಅದು ದೇಹದಲ್ಲಿರುವ ಕಬ್ಬಿಣಕ್ಕೆ ಬೀಗ ಹಾಕಿದಂತೆ ಮಾಡುವುದು. ಕಣಜದಲ್ಲಿ ಭತ್ತವಿದ್ದೂ ಬೀಗದ ಕೈ ಸಿಕ್ಕದೆ ಉಪವಾಸವಿರುವ ಮನೆಯಂತೆ, ಕಬ್ಬಿಣವಿದ್ದೂ ರಕ್ತಹೀನತೆ ಬರುವುದು. ಇದಲ್ಲದೆ ರಾತ್ರಿಯ ನೋವು ನಿದ್ರೆಯನ್ನು ತುಂಡುತುಂಡು ಮಾಡುವುದು. ನೋವಿಗೆ ಹೆದರಿ ಅಲುಗದೆ ಇದ್ದರೆ ಮಾಂಸಖಂಡಗಳು ಸೊರಗಿ, ಮೆಟ್ಟಿಲು ಹತ್ತುವುದೂ ಬೆಟ್ಟ ಹತ್ತಿದಷ್ಟಾಗುವುದು. ಇವೆಲ್ಲದರ ಮೇಲೆ ಚಿಂತೆ ಬೇರೆ. ಕೀಲುಗಳು ಶಾಂತವಾಗಿವೆಯೆಂದು ವೈದ್ಯರು ಹೇಳಿದ ಮೇಲೂ ಈ ದಣಿವು ಅನೇಕರಲ್ಲಿ ಉಳಿಯುವುದು. ಊತ ಎಷ್ಟಿದೆಯೋ ದಣಿವು ಅಷ್ಟೇ ಇರಬೇಕೆಂಬ ನಿಯಮವಿಲ್ಲ.

ಔಷಧದ ಪಾತ್ರವನ್ನೂ ಹೇಳಬೇಕು. ಅವಳು ಮೆಥೊಟ್ರೆಕ್ಸೇಟ್ ಮಾತ್ರೆಗಳನ್ನು ಶನಿವಾರ ರಾತ್ರಿ ತೆಗೆದುಕೊಳ್ಳುವಳು. ಕಚೇರಿಗೆ ತೊಂದರೆಯಾಗದಿರಲೆಂದು ಅವಳೇ ಆರಿಸಿಕೊಂಡ ದಿನವದು. ಭಾನುವಾರ ಹೊಟ್ಟೆ ತೊಳಸುವುದು, ಮೈ ಕುಸಿಯುವುದು. ಸೋಮವಾರದಿಂದ ಶನಿವಾರದವರೆಗೆ ಅವಳು ಬೆಳಗ್ಗೆ ಎದ್ದು ಹೋಗುವುದನ್ನು ನೆಂಟರಾರೂ ಕಾಣರು. ನೆಂಟರು ಬರುವುದು ಭಾನುವಾರ. ಹಗಲು ಹನ್ನೊಂದು ಗಂಟೆಗೆ ಕೋಣೆಯ ಬಾಗಿಲು ಮುಚ್ಚಿರುವುದನ್ನು ಕಂಡು ಒಬ್ಬ ಹಿರಿಯರು ನಮ್ಮ ಮನೆಯವರನ್ನು, "ವಯಸ್ಸಿಗೆ ಬಂದ ಹುಡುಗಿ, ಇಷ್ಟು ಹೊತ್ತು ಮಲಗುವುದೇ? ನೀವು ತುಂಬ ಸಲಿಗೆ ಕೊಟ್ಟಿದ್ದೀರಿ" ಎಂದರು. ಒಳಗಿದ್ದವಳಿಗೆ ಅದು ಕೇಳಿಸಿತು. ಎದ್ದು ಬಂದು, ನಗುನಗುತ್ತ ಎಲ್ಲರಿಗೂ ಎಲೆ ಹಾಕಿ ಬಡಿಸಿದಳು. ಸೋಮವಾರ, ಮಂಗಳವಾರ ಎರಡು ದಿನವೂ ಕಚೇರಿಗೆ ಹೋಗಲಾಗಲಿಲ್ಲ. ಬಡಿಸಿದುದನ್ನು ಹತ್ತು ಜನ ಕಂಡರು. ಅದರ ಬೆಲೆಯನ್ನು ನಾವಿಬ್ಬರು ಮಾತ್ರ ಕಂಡೆವು.

ಮಾತು ಮದುವೆಯವರೆಗೂ ಹೋಯಿತು. ಕಳೆದ ವರ್ಷ ಬಂದ ಸಂಬಂಧವೊಂದರಲ್ಲಿ ಅವಳು ತಾನೇ ಎಲ್ಲವನ್ನೂ ತಿಳಿಸಿದಳು: ತನಗಿರುವ ರೋಗ, ವಾರದ ಮಾತ್ರೆ, ತಾಯಿಯಾಗಬೇಕೆಂದರೆ ವೈದ್ಯರ ಸಲಹೆಯಂತೆ ಆ ಮಾತ್ರೆಯನ್ನು ಮುಂಚಿತವಾಗಿಯೇ ನಿಲ್ಲಿಸಬೇಕಾಗುವುದು, ತನ್ನ ದಣಿವು, ಯಾವುದನ್ನೂ ಮರೆಮಾಡಲಿಲ್ಲ. ಅವರು ರೋಗಕ್ಕೆ ಅಷ್ಟಾಗಿ ಅಂಜಲಿಲ್ಲ. "ಆರೋಗ್ಯವಾಗಿಯೇ ಕಾಣುತ್ತೀಯಲ್ಲ, ದಣಿವು ಎಂಬುದೆಲ್ಲ ಮನೆಗೆಲಸ ತಪ್ಪಿಸಿಕೊಳ್ಳುವ ಮಾತಲ್ಲವಷ್ಟೆ?" ಎಂದು ಕೇಳಿದರು. ಸಂಬಂಧ ಅಲ್ಲಿಗೆ ನಿಂತಿತು. ಆ ರಾತ್ರಿ ಅವಳು ನಮ್ಮೊಡನೆ, "ಕೈ ಸೊಟ್ಟಗಿದ್ದಿದ್ದರೆ ನಂಬುತ್ತಿದ್ದರೇನೋ, ದೊಡ್ಡಪ್ಪ" ಎಂದಳು. ಹದಿನೆಂಟು ವರ್ಷಗಳ ರೋಗದಲ್ಲಿ ಅಷ್ಟು ಕಹಿಯಾದ ಮಾತನ್ನು ಅವಳ ಬಾಯಿಂದ ನಾವು ಕೇಳಿರಲಿಲ್ಲ. ಮರುವಾರ ಕೆಲಸಕ್ಕೆ ರಾಜೀನಾಮೆಯ ಪತ್ರವನ್ನೂ ಬರೆದಿಟ್ಟಳು.

ಆ ಪತ್ರ ಕಚೇರಿಗೆ ಹೋಗಲಿಲ್ಲ. ನಮ್ಮ ಮನೆಯವರು ಅದನ್ನು ಹರಿಯಲೂ ಇಲ್ಲ, ಬುದ್ಧಿವಾದ ಹೇಳಲೂ ಇಲ್ಲ. "ಮೊದಲು ವೈದ್ಯರಲ್ಲಿಗೆ ಹೋಗಿಬರೋಣ, ಆಮೇಲೆ ನಿನ್ನಿಷ್ಟ" ಎಂದರು. ವೈದ್ಯರು ಆ ದಣಿವನ್ನು ಒಂದು ಲಕ್ಷಣವೆಂದೇ ಎಣಿಸಿ ವಿಚಾರಿಸಿದರು. ರಕ್ತಪರೀಕ್ಷೆಯಲ್ಲಿ ರಕ್ತಹೀನತೆ ಕಂಡಿತು. ಅದಕ್ಕೆ ಚಿಕಿತ್ಸೆ ನಡೆಯಿತು. ನಿದ್ರೆಯನ್ನು ಕೆಡಿಸುತ್ತಿದ್ದ ನೋವಿಗೂ ಉಪಾಯವಾಯಿತು. ಕಚೇರಿಯ ಮೇಲಧಿಕಾರಿಗಳನ್ನು ಕಂಡು ಅವಳೇ ಮಾತನಾಡಿದಳು: ಬೆಳಗ್ಗೆ ಕೀಲುಗಳು ಬಿಗಿದಿರುವುದರಿಂದ ಒಂದೂವರೆ ಗಂಟೆ ತಡವಾಗಿ ಬಂದು, ಸಂಜೆ ಅಷ್ಟು ಹೊತ್ತು ಹೆಚ್ಚಾಗಿ ಕುಳಿತುಕೊಳ್ಳುವೆನೆಂದು. ಅವರು ಒಪ್ಪಿದರು. ದಣಿವು ಹೋಯಿತೆಂದು ನಾವು ಹೇಳುವುದಿಲ್ಲ. ಅದು ಇದೆ, ಆದರೆ ಅವಳ ಕೆಲಸವೂ ಇದೆ.

ಮನೆಯಲ್ಲಿಯೂ ಒಂದು ಪದ್ಧತಿ ಬಂದಿತು. ಲೂಪಸ್ ಎಂಬ ವ್ಯಾಧಿಯುಳ್ಳ ಕ್ರಿಸ್ಟೀನ್ ಮಿಸರಾಂಡಿನೊ ಎಂಬ ಅಮೆರಿಕದ ಮಹಿಳೆ ತನ್ನ ದಿನದ ಶಕ್ತಿಯನ್ನು ಚಮಚಗಳಿಗೆ ಹೋಲಿಸಿ 2003ರಲ್ಲಿ ಲೇಖನವೊಂದನ್ನು ಬರೆದಳು. ಎಣಿಸಿಕೊಟ್ಟ ಚಮಚಗಳಲ್ಲಿ ಪ್ರತಿಯೊಂದು ಕೆಲಸಕ್ಕೂ ಒಂದೊಂದು ಖರ್ಚು. ಲೆಕ್ಕ ಬರೆಯುವ ನಮ್ಮ ಹುಡುಗಿಗೆ ಚಮಚಕ್ಕಿಂತ ತಿಂಗಳ ಸಂಬಳದ ಉಪಮೆಯೇ ಹಿಡಿಸಿತು. ಸಂಬಳ ಬಂದ ದಿನವೇ ಎಲ್ಲವನ್ನೂ ಖರ್ಚುಮಾಡಿ ತಿಂಗಳ ಕೊನೆಗೆ ಸಾಲ ಮಾಡುವವರುಂಟಷ್ಟೆ? ಚೆನ್ನಾಗಿರುವ ದಿನ ಒಂದು ವಾರದ ಕೆಲಸವನ್ನೆಲ್ಲ ಬಾಚಿ ಮಾಡಿ ಮೂರು ದಿನ ಮಲಗುವುದೂ ಅಂಥದೇ. ಈಗ ಅವಳು ಚೆನ್ನಾಗಿರುವ ದಿನವೂ ಸ್ವಲ್ಪ ಉಳಿಸುವಳು. ಚೆನ್ನಾಗಿಲ್ಲದ ದಿನವೂ ಸ್ವಲ್ಪ ನಡೆಯುವಳು. ಪೂರ್ಣ ವಿಶ್ರಾಂತಿಯೇ ಮದ್ದೆಂಬುದು ಹಳೆಯ ಕಾಲದ ಮಾತು. ಶಕ್ತಿಗೆ ತಕ್ಕ ನಡಿಗೆ, ಈಜು, ಅಂಗಸಾಧನೆಗಳಿಂದ ಕೀಲುಗಳಿಗೆ ಕೇಡಿಲ್ಲವೆಂದೂ ದಣಿವು ಕೆಲಮಟ್ಟಿಗೆ ತಗ್ಗುವುದೆಂದೂ ವೈದ್ಯರು ಹೇಳುವರು. ಕುಳಿತು ಮಾಡುವ ಕೆಲಸಗಳು, ಎಂದರೆ ತರಕಾರಿ ಹೆಚ್ಚುವುದು, ಬಟ್ಟೆ ಮಡಿಸುವುದು, ಮನೆಯ ಖರ್ಚಿನ ಲೆಕ್ಕ, ಇವು ಅವಳ ಪಾಲಿಗೆ ಬಂದಿವೆ. ನೀರು ತುಂಬಿದ ಕೊಡ ಎತ್ತುವುದು ನಮ್ಮ ಪಾಲಿಗೆ ಬಂದಿದೆ.

ಇಂಥ ಯುವಕ ಯುವತಿಯರು ಅನೇಕ ಮನೆಗಳಲ್ಲಿರಬಹುದು. ಬಾಲ್ಯದಲ್ಲಿ ತಾಯಿತಂದೆಗಳು ಔಷಧ ಕೊಡುತ್ತಿದ್ದರು, ಶಾಲೆಗೆ ಪತ್ರ ಬರೆಯುತ್ತಿದ್ದರು. ಪ್ರಾಯಕ್ಕೆ ಬಂದೊಡನೆ ಮಕ್ಕಳ ವೈದ್ಯರನ್ನು ಬಿಟ್ಟು ದೊಡ್ಡವರ ವೈದ್ಯರಲ್ಲಿಗೆ ಹೋಗಬೇಕು. ಕಾಲೇಜು, ಉದ್ಯೋಗ, ವಿವಾಹ ಎಲ್ಲವೂ ಒಟ್ಟಿಗೇ ಬಂದು ನಿಲ್ಲುವುವು. ಜೊತೆಯವರೆಲ್ಲ ಓಡುವ ವಯಸ್ಸಿನಲ್ಲಿ ತಾನು ಹೆಜ್ಜೆ ಎಣಿಸಬೇಕೆಂಬುದೇ ಸಾಕಷ್ಟು ದುಃಖ. ಅದರ ಮೇಲೆ ಸೋಮಾರಿ ಎಂಬ ಹೆಸರನ್ನೂ ಹೊರಿಸಿದರೆ, ಕೆಲವರು ಬೇಸತ್ತು ಔಷಧವನ್ನೇ ಬಿಟ್ಟುಬಿಡುವರು. ಆಗ ಅಡಗಿದ್ದ ರೋಗ ಮತ್ತೆ ಏಳಬಹುದು. ಆದುದರಿಂದ ಅವರ ದಣಿವಿನ ಮಾತನ್ನು ವೈದ್ಯರ ಕಿವಿಗೆ ಮುಟ್ಟಿಸುವುದು ಮನೆಯವರ ಕರ್ತವ್ಯ.

ಗೃಹಸ್ಥರಲ್ಲಿ ನಮ್ಮ ಬಿನ್ನಹ ಇಷ್ಟೇ. ಮೈಯಲ್ಲಿ ದೋಷವೊಂದೂ ಕಾಣದ ತರುಣನೋ ತರುಣಿಯೋ "ದಣಿವಾಗಿದೆ" ಎಂದಾಗ, "ಏನು ಮಾಡಿ ದಣಿದೆ?" ಎಂದು ಕೇಳದಿರಿ. ಅವರು ಏನೂ ಮಾಡದಂತೆ ಕಂಡ ಹೊತ್ತಿನಲ್ಲಿಯೂ ಅವರ ಶರೀರವು ಒಳಗೊಳಗೆ ಹೋರಾಡುತ್ತಿರಬಹುದು. ಕಂಡುದನ್ನು ನಂಬುವುದು ಯಾರಿಗಾದರೂ ಸುಲಭ; ನಮ್ಮವರು ಹೇಳಿದುದನ್ನು, ಕಾಣದಿದ್ದರೂ, ನಂಬುವುದಕ್ಕಾಗಿಯೇ ಮನೆಯೆಂಬುದು ಇರುವುದು.